ನಮ್ಮ ಮೂರು ದಾರಿಗೆ ಎಷ್ಟು ಲೀಟರ್ ಬಣ್ಣ ಬೇಕು?

ಕಾಮರ್ಸ್ ಓದುವವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಏನನ್ನು ನೋಡಿದರೂ ಇದಕ್ಕೆ ಎಷ್ಟು ಖರ್ಚಾಯಿತು, ದುಡ್ಡು ಯಾರು ಕೊಟ್ಟರು, ಎಷ್ಟು ದಿನ ಬಾಳುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ. ಈ ಲೇಖನವೂ ಅಂಥ ಒಂದು ಲೆಕ್ಕದಿಂದಲೇ ಹುಟ್ಟಿದ್ದು. ನಮ್ಮ ಮೊಹಲ್ಲಾದಲ್ಲಿ ಮೂರು ರಸ್ತೆ ಕೂಡುವ ಒಂದು ಜಾಗವಿದೆ. ಅಲ್ಲಿ ಡಾಂಬರಿನ ಮೇಲೆ ಒಂದು ದೊಡ್ಡ ಹೂವಿನ ಚಿತ್ರ ಬರೆಯಲು ಎಷ್ಟು ಬಣ್ಣ ಬೇಕು, ಬರೆದರೆ ಏನು ಉಪಯೋಗ? ಖರ್ಚಿನ ಕಡೆಯ ಲೆಕ್ಕ ಒಂದು ಸಂಜೆಯಲ್ಲಿ ಮುಗಿಯಿತು. ಉಪಯೋಗದ ಕಡೆಯ ಲೆಕ್ಕ ಇನ್ನೂ ನಡೆಯುತ್ತಿದೆ.

ಆ ಜಾಗಕ್ಕೆ ನಮ್ಮ ಮನೆಯಲ್ಲಿ ‘ತಿರಾಹಾ’ ಎನ್ನುತ್ತೇವೆ, ಎದುರು ಸಾಲಿನ ಮನೆಯವರು ‘ಮೂರು ದಾರಿ’ ಎನ್ನುತ್ತಾರೆ. ಒಂದು ದಾರಿ ಮಸೀದಿಗೂ ಮಕ್ಕಳ ಅರಬಿ ಪಾಠಕ್ಕೂ ಹೋಗುತ್ತದೆ. ಇನ್ನೊಂದು ಗಣಪತಿ ಗುಡಿಗೂ ಪ್ರೈಮರಿ ಶಾಲೆಗೂ. ಮೂರನೆಯದು ಮೈನ್ ರೋಡಿಗೆ. ಮೈನ್ ರೋಡಿನ ಸಿಗ್ನಲ್ಲಿನಲ್ಲಿ ವಾಹನ ನಿಂತಾಗಲೆಲ್ಲ ಬೈಕುಗಳು ನಮ್ಮ ಒಳರಸ್ತೆಗೆ ನುಗ್ಗುತ್ತವೆ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಶಾಲೆ ಬಿಟ್ಟ ಮಕ್ಕಳು, ಟ್ಯೂಷನ್ನಿಗೆ ಹೊರಟವರು, ಹಾಲು ತರಲು ಬಂದ ಅಜ್ಜಿಯರು, ಸಿಗ್ನಲ್ ತಪ್ಪಿಸಿಕೊಂಡ ಬೈಕುಗಳು, ಎಲ್ಲವೂ ಅಲ್ಲೇ ಒಟ್ಟಾಗುತ್ತವೆ. ಫುಟ್‌ಪಾತ್ ಇಲ್ಲ. ಚರಂಡಿ ಕಲ್ಲುಗಳೇ ನಮ್ಮ ಫುಟ್‌ಪಾತ್.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಸುಮಾರು ತೊಂಬತ್ತು. ಗಾಡಿಯೇ ಇಲ್ಲದವರು, ಪೆಟ್ರೋಲ್ ಹಾಕಿಸದವರು, ಬರೀ ನಡೆದವರು.

ಕಳೆದ ವರ್ಷ ಮಳೆಗಾಲದಲ್ಲಿ ಆ ಮೂರು ದಾರಿಯಲ್ಲೇ ನನ್ನ ತಮ್ಮನಿಗೆ ಬೈಕ್ ತಾಗಿತು. ಅವನಿಗೆ ಒಂಬತ್ತು ವರ್ಷ. ಎಡಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಬೇಕಾಯಿತು. ಅಲ್ಲಾಹನ ದಯೆ, ಅಷ್ಟಕ್ಕೇ ಮುಗಿಯಿತು. ಆದರೆ ಮೂಳೆ ಕೂಡಿದ ಮೇಲೂ ಇನ್ನೊಂದು ಕೂಡಲಿಲ್ಲ. ಬೈಕ್ ಓಡಿಸುತ್ತಿದ್ದವನು ಹೊರಗಿನವನಲ್ಲ, ಎದುರು ಸಾಲಿನ ಮನೆಯ ಹುಡುಗ. ಅವನ ತಂದೆ ಅವತ್ತೇ ಆಸ್ಪತ್ರೆಗೆ ಓಡಿ ಬಂದು ಬಿಲ್ ಕಟ್ಟಿದರು. ಆಮೇಲೆ ಯಾರೋ ಏನೋ ಅಂದರು, ಇನ್ಯಾರೋ ಅದಕ್ಕೆ ಉಪ್ಪು ಖಾರ ಹಚ್ಚಿದರು. ನಮ್ಮ ಹುಡುಗ, ಅವರ ಹುಡುಗ ಎಂಬ ಮಾತು ಬಂತು. ಯುಗಾದಿಗೆ ಆ ಮನೆಯಿಂದ ಬರುತ್ತಿದ್ದ ಹೋಳಿಗೆ ಬರಲಿಲ್ಲ. ಈದ್ ದಿನ ನಮ್ಮ ಮನೆಯಿಂದ ಹೋಗುತ್ತಿದ್ದ ಶೀರ್ ಖುರ್ಮಾ ಹೋಗಲಿಲ್ಲ. ಹದಿನಾಲ್ಕು ಅಡಿ ಅಗಲದ ರಸ್ತೆ, ಎರಡು ಮನೆಗಳ ನಡುವೆ ಕಾವೇರಿಯಷ್ಟು ಅಗಲವಾಯಿತು.

ಆಗ ಎಲ್ಲರೂ ಕೇಳಿದ್ದು ಒಂದೇ, ಹಂಪ್ ಹಾಕಿಸಿ ಎಂದು. ಅರ್ಜಿ ಕೊಟ್ಟರೂ ಯಾರೂ ಬಾರದಿದ್ದಾಗ ಒಂದು ರಾತ್ರಿ ಕೆಲವರು ತಾವೇ ಸಿಮೆಂಟ್ ಕಲಸಿ ಹಾಕಿಬಿಟ್ಟರು. ನಮ್ಮ ಅಬ್ಬಾ ಆಟೋ ಓಡಿಸುತ್ತಾರೆ. ಬೆಳಿಗ್ಗೆ ಅದನ್ನು ನೋಡಿ, “ಇದು ಹಂಪ್ ಅಲ್ಲ, ಗೋಡೆ” ಎಂದರು. ಹಂಪಿಗೂ ಒಂದು ಅಳತೆ ಇದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಆಗ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗಾಡಿಗಳು ಮೆಲ್ಲಗೆ ಏರಿ ಇಳಿಯುತ್ತವೆ. ನಮ್ಮದು ಒಂದು ಅಡಿ ಅಗಲ, ಮೊಣಕಾಲಿನ ಅರ್ಧದಷ್ಟು ಎತ್ತರ. ಬಸುರಿಯರು ಆಟೋ ಇಳಿದು ದಾಟಬೇಕಾಯಿತು, ಹಾಲಿನವರ ಸೈಕಲ್ ಎರಡು ಸಲ ಬಿತ್ತು. ಕೊನೆಗೆ ಯಾರೋ ಬಂದು ಅರ್ಧ ಒಡೆದು ಹೋದರು. ಈಗ ಆ ಒಡೆದ ಸಂದಿಯಲ್ಲೇ ಬೈಕುಗಳು ತೂರಿಕೊಂಡು ಹೋಗುತ್ತವೆ.

ಬಣ್ಣದ ವಿಷಯ ನನಗೆ ಸಿಕ್ಕಿದ್ದು ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟಿಗೆ ಓದುತ್ತಿದ್ದಾಗ. ಅದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಊರಿನ ಕಥೆ. ಸೆಲ್‌ವುಡ್ ಎಂಬ ಬಡಾವಣೆಯಲ್ಲಿ ಮಾರ್ಕ್ ಲೇಕ್‌ಮನ್ ಎಂಬ ವಾಸ್ತುಶಿಲ್ಪಿ ಮತ್ತು ನೆರೆಹೊರೆಯವರು 1996ರಲ್ಲಿ ಹಳೆಯ ಮರ, ಹಳೆಯ ಕಿಟಕಿಗಳನ್ನು ಸೇರಿಸಿ ಒಂದು ಚಹಾ ಮನೆ ಕಟ್ಟಿದರು. ಮಾರುವುದಕ್ಕಲ್ಲ, ಅಕ್ಕಪಕ್ಕದವರು ಬಂದು ಕೂತು ಚಹಾ ಕುಡಿಯಲಿ ಎಂದು. ಅನುಮತಿ ಇಲ್ಲದ ಕಟ್ಟಡ ಎಂದು ನಗರಾಡಳಿತ ಅದನ್ನು ತೆಗೆಸಿತು. ಆದರೆ ಅಷ್ಟರಲ್ಲಿ ಜನರಿಗೆ ಒಟ್ಟು ಸೇರುವ ರುಚಿ ಹತ್ತಿತ್ತು. ಮನೆಯ ಬದಲು ನಾಲ್ಕು ರಸ್ತೆ ಕೂಡುವ ಜಾಗವನ್ನೇ ತಮ್ಮ ಚೌಕ ಮಾಡಿಕೊಂಡರು. ರಸ್ತೆಯ ಮೇಲೆ ದೊಡ್ಡದಾಗಿ ಬಣ್ಣದ ಚಿತ್ರ ಬರೆದರು. ಮೂಲೆಗಳಲ್ಲಿ ಚಹಾ ಫ್ಲಾಸ್ಕ್ ಇಡುವ ಕಟ್ಟೆ, ಪುಸ್ತಕ ಇಟ್ಟು ತೆಗೆದುಕೊಂಡು ಹೋಗುವ ಪೆಟ್ಟಿಗೆ, ಮಕ್ಕಳ ಆಟದ ಮನೆ, ಸೂಚನಾ ಫಲಕ ಮಾಡಿದರು. ಅದಕ್ಕೆ ‘ಷೇರ್ ಇಟ್ ಸ್ಕ್ವೇರ್’ ಎಂದು ಹೆಸರಿಟ್ಟರು, ಹಂಚಿಕೊಳ್ಳುವ ಚೌಕ ಎಂದು ಅರ್ಥ.

ರಸ್ತೆ ವಿಭಾಗದ ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ರಸ್ತೆ ಸಾರ್ವಜನಿಕರದ್ದು, ಆದ್ದರಿಂದ ಯಾರೂ ಅದನ್ನು ಹೀಗೆ ಬಳಸುವಂತಿಲ್ಲ ಎನ್ನುವ ಧೋರಣೆ ಅವರದು. ನಿವಾಸಿಗಳು ಮನೆ ಮನೆಗೆ ಹೋಗಿ ಅಭಿಪ್ರಾಯ ಸಂಗ್ರಹಿಸಿದರು, ಜನಪ್ರತಿನಿಧಿಗಳನ್ನು ಕಂಡರು. ಕೆಲವು ವರ್ಷಗಳಲ್ಲಿ ನಗರಸಭೆಯೇ ಇದಕ್ಕೊಂದು ನಿಯಮ ಮಾಡಿತು. ವಾಹನ ಕಡಿಮೆ ಇರುವ ಒಳರಸ್ತೆ ಆಗಿರಬೇಕು, ಸುತ್ತಲಿನ ಮನೆಯವರ ಸಹಿ ಇರಬೇಕು, ಅನುಮತಿ ಪಡೆದಿರಬೇಕು. ಈ ಕೆಲಸಕ್ಕಾಗಿ ಹುಟ್ಟಿದ ಸಂಸ್ಥೆಯ ಹೆಸರು ‘ಸಿಟಿ ರಿಪೇರ್’. ಹೆಸರು ನನಗೆ ಬಹಳ ಹಿಡಿಸಿತು. ನಮ್ಮ ಅಬ್ಬಾ ಆಟೋ ರಿಪೇರಿಗೆ ಬಿಡುವ ಹಾಗೆ, ಅವರು ಊರನ್ನೇ ರಿಪೇರಿಗೆ ತೆಗೆದುಕೊಂಡಿದ್ದಾರೆ.

ಪೋರ್ಟ್‌ಲ್ಯಾಂಡಿನಲ್ಲಿ 2001ರಲ್ಲಿ ಇನ್ನೊಂದು ಚೌಕ ತಯಾರಾಯಿತು. ಅದರ ಹೆಸರು ಸನ್ನಿಸೈಡ್ ಪಿಯಾಝಾ. ಅಲ್ಲಿ ರಸ್ತೆಯ ತುಂಬ ಒಂದು ದೊಡ್ಡ ಸೂರ್ಯಕಾಂತಿ. ಅಲ್ಲಿನ ಸಂಶೋಧಕ ಯಾನ್ ಸೆಮೆನ್ಝಾ ಅದರ ಸುತ್ತಲಿನ ನಿವಾಸಿಗಳನ್ನೂ, ಇಂಥ ಚಿತ್ರವಿಲ್ಲದ ಇನ್ನೊಂದು ಕಡೆಯ ನಿವಾಸಿಗಳನ್ನೂ ವಿಚಾರಿಸಿ 2003ರಲ್ಲಿ ಪ್ರಕಟಿಸಿದರು. ನಮ್ಮ ಬಡಾವಣೆ ವಾಸಕ್ಕೆ ಅತ್ಯುತ್ತಮ ಎಂದವರು ಸೂರ್ಯಕಾಂತಿಯ ಕಡೆ ನೂರಕ್ಕೆ 65, ಇನ್ನೊಂದು ಕಡೆ 35.

ಅಪಘಾತದ ಲೆಕ್ಕವೂ ಇದೆ. ಬ್ಲೂಮ್‌ಬರ್ಗ್ ಫಿಲಾಂಥ್ರಪೀಸ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 17 ಕಡೆಗಳಲ್ಲಿ ಬಣ್ಣ ಬಳಿಯುವ ಮೊದಲು ಮತ್ತು ನಂತರ ಏನಾಯಿತು ಎಂದು ಹೋಲಿಸಿದ್ದಾರೆ. ಪಾದಚಾರಿಗಳು, ಸೈಕಲ್ ಸವಾರರು ಸಿಕ್ಕಿಕೊಂಡ ಅಪಘಾತಗಳ ಪ್ರಮಾಣ ಶೇ. 50ರಷ್ಟು, ಗಾಯವಾದ ಅಪಘಾತಗಳ ಪ್ರಮಾಣ ಶೇ. 37ರಷ್ಟು ಕಡಿಮೆಯಾಗಿತ್ತು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್‌ಗೆ ಇದನ್ನು ತೋರಿಸಿದೆ. ಅವರು ಖುಷಿಪಟ್ಟರು, ಆದರೆ ಕೆಂಪು ಪೆನ್ನು ತೆಗೆದರು. “ಹದಿನೇಳು ಜಾಗ ಅಂದರೆ ಸಣ್ಣ ಸ್ಯಾಂಪಲ್ ಅಮ್ಮಾ. ಬಣ್ಣದ ಜೊತೆಗೆ ಬೇರೆ ಏನಾದರೂ ಬದಲಾಯಿಸಿದ್ದಾರೋ ನೋಡು.” ನೋಡಿದೆ. ಕೆಲವು ಕಡೆ ಬಣ್ಣದ ಜೊತೆ ತಿರುವನ್ನು ಕಿರಿದು ಮಾಡಿ, ಜನ ದಾಟುವ ದೂರವನ್ನೂ ಕಡಿಮೆ ಮಾಡಿದ್ದರು. ಅಂದರೆ ಎಲ್ಲ ಪುಣ್ಯವೂ ಬಣ್ಣದ ಖಾತೆಗೆ ಜಮಾ ಆಗುವುದಿಲ್ಲ. ಇದಲ್ಲದೆ ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತವೇ ಪಾದಚಾರಿಗಳು ದಾಟುವ ಪಟ್ಟೆಗಳ ಒಳಗೆ ಚಿತ್ರ ಬರೆಯುವುದನ್ನು ಬಹಳ ಕಾಲದಿಂದ ವಿರೋಧಿಸುತ್ತಾ ಬಂದಿದೆ. ಬಿಳಿ ಪಟ್ಟೆ ಎದ್ದು ಕಾಣಬೇಕು, ಚಾಲಕನಿಗೆ ಗೊಂದಲ ಆಗಬಾರದು ಎನ್ನುವುದು ಅವರ ವಾದ. ಅದರಲ್ಲಿಯೂ ಅರ್ಥವಿದೆ.

ಹಾಗಾದರೆ ಬಣ್ಣ ಏನು ಮಾಡುತ್ತದೆ? ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಬೈಕ್ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಹೋಗುತ್ತದೆ. 30 ಕಿಲೋಮೀಟರ್ ವೇಗದಲ್ಲಾದರೆ ಸುಮಾರು 8 ಮೀಟರ್. ಮಗು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೂ, ಆ ಆರು ಮೀಟರ್ ವ್ಯತ್ಯಾಸದಲ್ಲೇ ಒಂದು ಕೈ ಉಳಿಯುತ್ತದೆ, ಒಂದು ಜೀವ ಉಳಿಯುತ್ತದೆ. ಖಾಲಿ ಕಪ್ಪು ರಸ್ತೆ ಸವಾರನಿಗೆ ‘ಹೋಗು’ ಎನ್ನುತ್ತದೆ. ಮುಂದೆ ನೆಲದ ಮೇಲೆ ಏನೋ ಇದೆ ಎಂದರೆ ಕೈ ತಾನಾಗಿ ಆಕ್ಸಿಲರೇಟರ್ ಸಡಿಲಿಸುತ್ತದೆ. ಇಲ್ಲಿ ಜನ ಇದ್ದಾರೆ, ಇದು ಯಾರದೋ ಅಂಗಳ ಎಂದು ನೆಲವೇ ಹೇಳುತ್ತದೆ.

ಇದನ್ನೆಲ್ಲ ಬರೆದುಕೊಂಡು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಓದಿದೆ. ಅಬ್ಬಾ ಇಪ್ಪತ್ತೆರಡು ವರ್ಷ ಆಟೋ ಓಡಿಸಿದವರು. ಕೈ ತೊಳೆದುಕೊಂಡು ಬಂದು ಒಂದೊಂದಾಗಿ ಕೇಳಿದರು. “ಮೊದಲ ದಿನ ಎಲ್ಲರೂ ನೋಡುತ್ತಾರೆ. ಹದಿನೈದನೇ ದಿನ ಯಾರು ನೋಡುತ್ತಾರೆ? ಮಳೆಯಲ್ಲಿ ಬಣ್ಣದ ಮೇಲೆ ಬೈಕ್ ಜಾರಿದರೆ? ಒಂದು ವರ್ಷದಲ್ಲಿ ಮಾಸಿ ಹೋದರೆ?” ಜಾರುವ ಪ್ರಶ್ನೆಗೆ ಉತ್ತರವಿತ್ತು. ಗೋಡೆಯ ಬಣ್ಣ ಬಳಿಯಬಾರದು, ರಸ್ತೆಯ ಬಣ್ಣವನ್ನೇ ತರಬೇಕು, ಅದಕ್ಕೆ ನುಣ್ಣನೆ ಜರಡಿ ಹಿಡಿದ ಮರಳು ಬೆರೆಸಬೇಕು. ಮಾಸುವ ಪ್ರಶ್ನೆಗೆ ಪೋರ್ಟ್‌ಲ್ಯಾಂಡಿನವರ ಬಳಿ ಇರುವ ಉತ್ತರ ನನಗೆ ಮೊದಲು ತಮಾಷೆ ಎನಿಸಿತ್ತು. ಮಾಸುತ್ತದೆ, ಆದ್ದರಿಂದ ಮತ್ತೆ ಬರೆಯುತ್ತಾರೆ. ಬೇಸಿಗೆ ಬಂತೆಂದರೆ ರಸ್ತೆ ಮುಚ್ಚಿ, ಹಳೆಯವರೂ ಹೊಸದಾಗಿ ಬಾಡಿಗೆಗೆ ಬಂದವರೂ ಸೇರಿ ಬ್ರಷ್ ಹಿಡಿಯುತ್ತಾರೆ. ಬಣ್ಣ ಕಲ್ಲಿನಂತೆ ಉಳಿಯುವುದಾಗಿದ್ದರೆ ಅವರು ಒಂದೇ ಸಲ ಸೇರುತ್ತಿದ್ದರು.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು. “ಗುರುತಿನವರ ಮನೆ ಮುಂದೆ ನಾನು ಯಾವತ್ತೂ ಜೋರಾಗಿ ಓಡಿಸಿಲ್ಲ. ಯಾರು ಹೊರಗೆ ಕೂತಿರುತ್ತಾರೋ, ಸಲಾಮ್ ಮಾಡದೆ ಹೋದರೆ ತಪ್ಪು ತಿಳಿಯುತ್ತಾರೋ ಅನ್ನಿಸುತ್ತದೆ.” ನನ್ನ ಪ್ರಾಜೆಕ್ಟಿನಲ್ಲಿ ಎಲ್ಲೂ ಇರದ ವಾಕ್ಯ ಅದು.

ದಾದಿಯ ಆಕ್ಷೇಪ ಬೇರೆಯೇ. “ಪಾವಾಂ ಕೆ ನೀಚೆ ಕಿಸೀಕಾ ನಾಮ್ ನಕ್ಕೋ ಲಿಖೋ” ಎಂದರು. ಕಾಲಿನ ಕೆಳಗೆ ಯಾರ ಹೆಸರನ್ನೂ ಬರೆಯಬೇಡಿ ಎಂದು. ನಮ್ಮ ಮನೆಯಲ್ಲಿ ಅಕ್ಷರವಿರುವ ಕಾಗದ ಬಿದ್ದಿದ್ದರೆ ದಾದಿ ಎತ್ತಿ ಮೇಲಿಡುತ್ತಾರೆ, ಅದು ಉರ್ದುವೋ ಕನ್ನಡವೋ ಇಂಗ್ಲಿಷೋ ಎಂದು ನೋಡುವುದಿಲ್ಲ. ಜೀವವಿರುವ ಪ್ರಾಣಿ ಮನುಷ್ಯರ ಚಿತ್ರವೂ ಬೇಡ ಎಂದರು. ಅಕ್ಷರ ಬೇಡ, ಮುಖ ಬೇಡ, ಯಾವ ಧರ್ಮದ ಗುರುತೂ ಬೇಡ ಎಂದ ಮೇಲೆ ಉಳಿಯುವುದು ಏನು? ಹೂವು, ಎಲೆ, ಬಳ್ಳಿ, ನಕ್ಷತ್ರ, ಗೆರೆ. ಇಷ್ಟು ಸಾಕೇ ಎಂದು ಯೋಚಿಸುತ್ತಿದ್ದಾಗ ಹೈಸ್ಕೂಲಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದ ಪ್ರವಾಸ ನೆನಪಾಯಿತು. 1784ರ ದರಿಯಾ ದೌಲತ್ ಬಾಗಿನಲ್ಲಿ ಯುದ್ಧದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ಆದರೆ ಗೋಡೆ, ಕಂಬಗಳ ತುಂಬ ಹರಡಿರುವುದು ಹೂ ಬಳ್ಳಿಯೇ. ಅಷ್ಟು ಸಾಕು ಎಂದುಕೊಂಡೆ.

ಇಲ್ಲಿ ನಮ್ಮ ಮೈಸೂರಿನವರೇ ಆದ ಬಾದಲ್ ನಂಜುಂಡಸ್ವಾಮಿ ಅವರನ್ನು ನೆನೆಯಬೇಕು. 2015ರಲ್ಲಿ ಅವರು ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆಯ ಗುಂಡಿಯನ್ನೇ ಕೊಳ ಮಾಡಿ ಅದರಲ್ಲಿ ಮೊಸಳೆ ಇಟ್ಟರು. 2019ರಲ್ಲಿ ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ, ಚಂದ್ರನ ಮೇಲೆ ನಡೆದಂತೆ ವಿಡಿಯೋ ಮಾಡಿದರು. ಲಕ್ಷಾಂತರ ಜನ ನೋಡಿ ನಕ್ಕರು, ಗುಂಡಿಗಳೂ ಮುಚ್ಚಿದವು. ಅದು ಆಡಳಿತಕ್ಕೆ ನಾಚಿಕೆಯಾಗುವಂತೆ ಮಾಡುವ ಕಲೆ, ಅದೂ ಬೇಕು. ನಮಗೆ ಬೇಕಾಗಿದ್ದದ್ದು ಬೇರೆ. ನಮ್ಮ ಬೀದಿಯಲ್ಲಿ ಜೋರಾಗಿ ಹೋಗುವವರಲ್ಲಿ ಅರ್ಧ ಜನ ನಮ್ಮ ಬೀದಿಯವರೇ. ಅವರನ್ನು ನಾಚಿಸಿದರೆ ಇನ್ನೊಂದು ಜಗಳ ಆಗುತ್ತಿತ್ತು, ಅಷ್ಟೇ.

ರಸ್ತೆಗೆ ಬಣ್ಣ ಬಳಿಯಲು ಅನುಮತಿ ಬೇಕು. ಅದು ಬರುವವರೆಗೆ ಬಣ್ಣದ ಡಬ್ಬಿ ಮುಚ್ಚಳ ತೆಗೆಯುವುದಿಲ್ಲ ಎಂದು ಅಬ್ಬಾ ಕಡ್ಡಿ ಮುರಿದಂತೆ ಹೇಳಿದರು. ಆದ್ದರಿಂದ ಮೊದಲು ಸೀಮೆಸುಣ್ಣ ಮತ್ತು ರಂಗೋಲಿ ಪುಡಿಯಲ್ಲಿ ಬರೆದು ನೋಡೋಣ ಎಂದಾಯಿತು. ರಂಗೋಲಿ ಎಂದ ಮೇಲೆ ನಮ್ಮ ಬೀದಿಯಲ್ಲಿ ಒಬ್ಬರೇ, ಎದುರು ಸಾಲಿನ ಅಜ್ಜಿ. ಬೈಕಿನ ಹುಡುಗನ ಅಜ್ಜಿ.

ಅವರ ಮನೆಗೆ ಹೋಗಲು ನನಗೆ ಮೂರು ದಿನ ಬೇಕಾಯಿತು. ಹೋದಾಗ ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹಾಳೆಯ ಮೇಲೆ ಬರೆದಿದ್ದ ಬಳ್ಳಿಯ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

“ನಾವು ಬಾಗಿಲಿಗೆ ಹಾಕಿದ್ದನ್ನೇ ಬೈಕ್‌ನೋರು ಹತ್ತು ನಿಮಿಷ ಬಿಡಲ್ಲ. ರೋಡ್ ಮಧ್ಯೆ ಹಾಕ್ತೀಯೇನವ್ವಾ?”

“ಅದಕ್ಕೇ ಅಜ್ಜೀ, ದೊಡ್ಡದಾಗಿ ಹಾಕೋಣ ಅಂತ.”

“ಚುಕ್ಕಿ ಎಷ್ಟು?”

ನನ್ನ ಬಳಿ ಚುಕ್ಕಿಯ ಲೆಕ್ಕವೇ ಇರಲಿಲ್ಲ. ಅಜ್ಜಿ ಹಾಳೆಯನ್ನು ತಿರುಗಿಸಿ, ನನ್ನ ಪೆನ್ನು ಕಿತ್ತುಕೊಂಡು ಹದಿನೈದು ಚುಕ್ಕಿಯಿಂದ ಎಂಟರವರೆಗೆ ಇಟ್ಟು ತೋರಿಸಿದರು. ಸಾಲಿನ ನಡುವೆ ಒಂದೊಂದು ಇಡುತ್ತಾ ಹೋದರೆ ಆರು ಮೂಲೆಯ ಆಕಾರ ಬರುತ್ತದೆ, ಅದರೊಳಗೆ ಆರೆಸಳಿನ ಹೂವು ತಾನಾಗಿ ಕೂರುತ್ತದೆ. ಮೂರು ದಾರಿಗೆ ಎರಡೆರಡು ಎಸಳು. ನಾನು ಎದ್ದು ಹೊರಡುವಾಗ ಕೇಳಿದರು, “ಮಗೂಗೆ ಕೈ ಸರಿಯಾಯ್ತಾ? ಮಳೆಗಾಲದಾಗೆ ನೋವು ಬರ್ತದೆ, ಎಳ್ಳೆಣ್ಣೆ ಹಚ್ಚಕ್ಕೆ ಹೇಳು ನಿಮ್ಮಮ್ಮಂಗೆ.” ಅಷ್ಟು ತಿಂಗಳ ನಂತರ ಆ ಮನೆಯಿಂದ ನಮ್ಮ ಮನೆಗೆ ಬಂದ ಮೊದಲ ಮಾತು ಅದು. ಅಮ್ಮಿಗೆ ಹೇಳಿದೆ. ಅಮ್ಮಿ ಏನೂ ಅನ್ನಲಿಲ್ಲ, ಆದರೆ ಎಳ್ಳೆಣ್ಣೆ ಬಿಸಿ ಮಾಡಿದರು.

ಒಂದು ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಎಂದು ಗೊತ್ತು ಮಾಡಿದೆವು. ಬೀಟ್ ಪೊಲೀಸರಿಗೆ ಮೊದಲೇ ತಿಳಿಸಿದ್ದೆವು. ಮೂರೂ ಕಡೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟೆವು, ಒಂದು ಕಡೆ ಅಬ್ಬಾ ಆಟೋವನ್ನೇ ನಿಲ್ಲಿಸಿದರು. ಮಧ್ಯದಲ್ಲಿ ಮೊಳೆಯ ಬದಲು ಒಬ್ಬರು ನಿಂತು ಹಗ್ಗ ಹಿಡಿಯಬೇಕು, ಇನ್ನೊಬ್ಬರು ಹಗ್ಗದ ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತ ನಡೆಯಬೇಕು. ಮಧ್ಯದಲ್ಲಿ ನನ್ನ ತಮ್ಮ ನಿಂತ. ಸುತ್ತ ನಡೆಯಲು ಎತ್ತರದವರು ಬೇಕಿತ್ತು. ಅಜ್ಜಿ ಮನೆಯೊಳಗೆ ತಿರುಗಿ ಕೂಗಿದರು. ಬೈಕಿನ ಹುಡುಗ ಬಂದ. ಯಾರ ಮುಖವನ್ನೂ ನೋಡದೆ ಹಗ್ಗದ ತುದಿ ಹಿಡಿದ. ನನ್ನ ತಮ್ಮ, “ಅಣ್ಣಾ, ಹಗ್ಗ ಬಿಗಿಯಾಗಿ ಹಿಡ್ಕೋ, ಇಲ್ಲಾಂದ್ರೆ ಸೊಟ್ಟ ಆಗುತ್ತೆ” ಎಂದ. ಅವನಿಗೆ ಹಳೆಯದೆಲ್ಲ ನೆನಪಿತ್ತೋ ಇಲ್ಲವೋ, ಅವನಿಗೆ ಬೇಕಾಗಿದ್ದದ್ದು ಸರಿಯಾದ ವೃತ್ತ.

ಚುಕ್ಕಿಗಳನ್ನು ಅಜ್ಜಿ ಇಡಿಸಿದರು. ಎಸಳಿನ ಒಳಗಿನ ಬಳ್ಳಿ, ಮಾವಿನಕಾಯಿ ಆಕಾರ, ಸಣ್ಣ ಸಣ್ಣ ಎಲೆಗಳನ್ನು ಯಾರು ತುಂಬುವುದು ಎಂಬ ಪ್ರಶ್ನೆ ಬಂತು. ನಮ್ಮ ಸಾಲಿನ ಹೆಂಗಸರು ಬಾಗಿಲ ಪರದೆಯ ಹಿಂದೆ ನಿಂತು ನೋಡುತ್ತಿದ್ದರು. ಮದುವೆ ಮನೆಗಳಲ್ಲಿ ಮೆಹಂದಿ ಕೋನ್ ಹಿಡಿದು ಕಣ್ಣು ಮುಚ್ಚಿಕೊಂಡೇ ಬಳ್ಳಿ ಬಿಡಿಸುವವರು ಅವರು. ಮೊದಲು ನಮ್ಮ ಖಾಲಾ ಬಂದರು, ಆಮೇಲೆ ಇನ್ನಿಬ್ಬರು, ಕೊನೆಗೆ ಅಮ್ಮಿ. ಅಮ್ಮಿ ಈ ಬೀದಿಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ರಸ್ತೆಯನ್ನು ಸಾವಿರಾರು ಸಲ ದಾಟಿದ್ದಾರೆ, ರಸ್ತೆಯಲ್ಲಿ ಕೂತಿದ್ದು ಅದೇ ಮೊದಲು. ಬುರ್ಖಾದ ತೋಳು ಮೇಲೆ ಸರಿಸಿಕೊಂಡು ರಂಗೋಲಿ ಪುಡಿ ಉದುರಿಸಲು ನೋಡಿದರು, ಪುಡಿ ಗುಡ್ಡೆ ಗುಡ್ಡೆಯಾಗಿ ಬಿತ್ತು. ಅಜ್ಜಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಹೆಬ್ಬೆಟ್ಟು ಹಿಂಗೆ ಜರುಗಿಸ್ಬೇಕು ಕಣವ್ವಾ” ಎಂದು ಬೆರಳು ಹಿಡಿದು ತೋರಿಸಿದರು. ಅವರಿಬ್ಬರ ನಡುವೆ ಅವತ್ತು ಬೇರೆ ಯಾವ ಮಾತೂ ಆಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು.

ಎಂಟು ಗಂಟೆಗೆ ಕುರ್ಚಿ ತೆಗೆದೆವು. ಮೊದಲು ಬಂದದ್ದು ಹಾಲಿನ ಸೈಕಲ್. ಹಾಲಿನವರು ಇಳಿದು, ಸೈಕಲ್ ತಳ್ಳಿಕೊಂಡು, ಅಂಚಿನಲ್ಲಿ ಹೋದರು. ಆಮೇಲೆ ಬಂದ ಬೈಕುಗಳಲ್ಲಿ ಕೆಲವು ನಿಧಾನವಾದವು, ಒಬ್ಬ ಪೂರ್ತಿ ನಿಲ್ಲಿಸಿ ಫೋಟೋ ತೆಗೆದ, ಇಬ್ಬರು ಏನೂ ಇಲ್ಲದಂತೆ ಮೇಲೆ ಹಾಯಿಸಿಕೊಂಡು ಹೋದರು. ಸಂಜೆಯ ಹೊತ್ತಿಗೆ ಹೂವಿನ ಅರ್ಧ ಚಕ್ರಗಳಿಗೆ ಅಂಟಿಕೊಂಡು ಊರೆಲ್ಲ ಸುತ್ತಿತ್ತು. ಮಂಗಳವಾರದ ಮಳೆಗೆ ಉಳಿದದ್ದೂ ಹೋಯಿತು. ಅಬ್ಬಾ ಕೇಳಿದ ಹದಿನೈದನೇ ದಿನದ ಪ್ರಶ್ನೆ ಹಾಗೇ ಉಳಿದಿದೆ.

ಆದರೆ ಆ ಹದಿನೈದು ದಿನದಲ್ಲಿ ಬೇರೆ ಒಂದು ಸಂಗತಿ ನೋಡಿದೆ. ಬೈಕಿನ ಹುಡುಗ ಈಗ ಮೂರು ದಾರಿಯ ಹತ್ತಿರ ಬಂದಾಗ ಎಂಜಿನ್ ಶಬ್ದ ಇಳಿಯುತ್ತದೆ. ಹೂವು ಇಲ್ಲ, ಆದರೂ ಇಳಿಯುತ್ತದೆ. ನನ್ನ ತಮ್ಮ ಹೊರಗಿದ್ದರೆ, “ಏನೋ ಕಂಪಾಸ್?” ಎಂದು ಕೂಗಿ ಹೋಗುತ್ತಾನೆ. ಮಧ್ಯದಲ್ಲಿ ಹಗ್ಗ ಹಿಡಿದು ನಿಂತಿದ್ದಕ್ಕೆ ಅವನಿಟ್ಟ ಹೆಸರು ಅದು. ಹದಿನೇಳು ಜಾಗವೇ ಸಣ್ಣ ಸ್ಯಾಂಪಲ್ ಎಂದಮೇಲೆ ಒಬ್ಬ ಹುಡುಗ ಸ್ಯಾಂಪಲ್ಲೇ ಅಲ್ಲ. ಆದರೂ ನಮ್ಮ ಮನೆಗೆ ಆ ಒಬ್ಬ ಬಹಳ ಮುಖ್ಯ.

ಎರಡನೇ ಪಿಯುಸಿಯಲ್ಲಿ ಪಾಲುದಾರಿಕೆ ಲೆಕ್ಕ ಮಾಡುವಾಗ ನಾವೆಲ್ಲ ಗುಡ್‌ವಿಲ್ ಬಗ್ಗೆ ಕಲಿಯುತ್ತೇವೆ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಏರುತ್ತದೆ, ತಾನೇ ಬೆಳೆಸಿಕೊಂಡದ್ದನ್ನು ಆಸ್ತಿ ಎಂದು ತೋರಿಸುವಂತಿಲ್ಲ. ಪರೀಕ್ಷೆಗೆ ಈ ನಿಯಮ ಸರಿ. ನಮ್ಮ ಮೂರು ದಾರಿಯ ಲೆಕ್ಕ ಬರೆಯುವಾಗಲೂ ಅದನ್ನೇ ಪಾಲಿಸಿದ್ದೇನೆ, ಕೊಳ್ಳಬೇಕಾದದ್ದನ್ನು ಮಾತ್ರ ಬರೆದಿದ್ದೇನೆ.

ಆ ಲೆಕ್ಕ ಹೀಗಿದೆ. ವೃತ್ತದ ತ್ರಿಜ್ಯ 3 ಮೀಟರ್, ವಿಸ್ತೀರ್ಣ ಸುಮಾರು 28.3 ಚದರ ಮೀಟರ್. ಒರಟು ಡಾಂಬರಿನ ಮೇಲೆ ಒಂದು ಕೋಟಿಗೆ ಲೀಟರಿಗೆ ಐದು ಚದರ ಮೀಟರ್ ಹಿಡಿಯಿರಿ ಎಂದು ಬಣ್ಣದ ಅಂಗಡಿಯವರು ಹೇಳಿದರು. ಎರಡು ಕೋಟಿಗೆ 11.3 ಲೀಟರ್ ಆಗುತ್ತದೆ, 12 ಲೀಟರ್ ಇರಲಿ. ಲೀಟರಿಗೆ 350 ರೂಪಾಯಿಯಂತೆ 4,200. ಬ್ರಷ್, ರೋಲರ್‌ಗೆ 600. ಮರಳು, ಹಗ್ಗ, ಟೇಪು, ಸೀಮೆಸುಣ್ಣಕ್ಕೆ 250. ಚಹಾ, ಬನ್ನಿಗೆ 450. ಒಟ್ಟು 5,500 ರೂಪಾಯಿ. ಬೀದಿಯಲ್ಲಿ ಇಪ್ಪತ್ತೆರಡು ಮನೆ, ಮನೆಗೆ 250. ಬಣ್ಣ ವರ್ಷಕ್ಕೆ ಮಾಸುವುದರಿಂದ ಇದು ಬಂಡವಾಳ ವೆಚ್ಚವಲ್ಲ, ಪ್ರತಿ ವರ್ಷದ ವೆಚ್ಚ.

ಇದರ ಜೊತೆಗೆ ಎರಡು ಬೇಡಿಕೆ ಸೇರಿಸಿ ಅರ್ಜಿ ಬರೆದಿದ್ದೇವೆ. ಚಿತ್ರಕ್ಕೆ ಅನುಮತಿ, ಮತ್ತು ಮೈನ್ ರೋಡಿನಿಂದ ಒಳಬರುವ ಕಡೆ ಸರಿಯಾದ ಅಳತೆಯ ಒಂದು ಹಂಪ್. ಹಂಪನ್ನು ಸೇರಿಸಿ ಎಂದದ್ದು ಅಬ್ಬಾ. ಹೂವು ಗುರುತಿನವರಿಗೆ, ಹಂಪ್ ಗುರುತಿಲ್ಲದವರಿಗೆ ಎಂದರು. ಇಪ್ಪತ್ತೆರಡು ಮನೆಯ ಸಹಿ ಇದೆ. ನಮ್ಮ ಅಬ್ಬಾರ ಸಹಿಯ ಕೆಳಗೆ ಬೈಕಿನ ಹುಡುಗನ ತಂದೆಯ ಸಹಿ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನನ್ನ ಫೈಲಿನಲ್ಲಿದೆ, ಉತ್ತರ ಇನ್ನೂ ಬಂದಿಲ್ಲ.

ಉತ್ತರ ಬರುವವರೆಗೆ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಸೀಮೆಸುಣ್ಣದ ಹೂವು ಬರೆಯುತ್ತೇವೆ. ನಮ್ಮ ಕಾಲೇಜಿನಿಂದ ನಡೆದು ಬರುವಷ್ಟೇ ದೂರ. ಯಾರು ಬಂದರೂ ಕೆಲಸವಿದೆ. ಚಿತ್ರ ಬರೆಯಲು ಬಾರದವರು ಕುರ್ಚಿಯ ಹತ್ತಿರ ನಿಂತು ಗಾಡಿಗಳನ್ನು ಬೇರೆ ದಾರಿಗೆ ಕಳಿಸಬಹುದು. ನಿಮ್ಮ ಬೀದಿಯಲ್ಲೂ ಮಾಡಬೇಕೆಂದಿದ್ದರೆ ಅರ್ಜಿಯ ನಕಲು, ಚುಕ್ಕಿಯ ಹಾಳೆ, ಖರ್ಚಿನ ಪುಸ್ತಕ ನನ್ನ ಬ್ಯಾಗಿನಲ್ಲೇ ಇರುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಗೆ ಬನ್ನಿ, ತೋರಿಸುತ್ತೇನೆ.